ಮಿಕ್ಸರ್ ಎಳೆಯಲು ಹಳೆ ಪಿಕಪ್: ನಾನು ಎಂಜಿನ್ ಆರಿಸಿದ ಬಗೆ

ಒಂದೇ ವರ್ಷದಲ್ಲಿ ಎರಡು ಕ್ಲಚ್ ಪ್ಲೇಟ್ ಸುಟ್ಟ ಮೇಲೆ ಹಳೆಯ ಗಾಡಿ ಮಾರಲೇಬೇಕಾಯಿತು. ನಾನು ಧಾರವಾಡದ ಸತ್ತೂರಿನಲ್ಲಿದ್ದು ಮನೆ ಕಟ್ಟುವ ಗುತ್ತಿಗೆ ಮಾಡುತ್ತೇನೆ. ಸ್ಲ್ಯಾಬ್ ಇದ್ದ ದಿನ ಕಾಂಕ್ರೀಟ್ ಮಿಕ್ಸರನ್ನು ಗಾಡಿಯ ಹಿಂದಿನ ಹುಕ್ಕಿಗೆ ಸಿಕ್ಕಿಸಿ ಸೈಟಿಗೆ ಎಳೆದೊಯ್ಯಬೇಕು. ಉಳಿದ ದಿನ ಅದೇ ಗಾಡಿಯಲ್ಲಿ ಕೆಲಸದವರು, ಸಿಮೆಂಟು, ಮಕ್ಕಳ ಶಾಲೆ, ಸೋಮವಾರ ಸಿದ್ಧಾರೂಢ ಮಠ. ಎರಡು ಗಾಡಿ ಇಡುವ ಶಕ್ತಿ ನನಗಿಲ್ಲ.

ಹಳೆಯದು ಚಿಕ್ಕ ಎಂಜಿನ್ನಿನ ಗಾಡಿ. ತಪ್ಪು ಅದರದಲ್ಲ. ಅಷ್ಟು ಭಾರ ಎಳೆಯಲು ಅದನ್ನು ಮಾಡಿರಲೇ ಇಲ್ಲ. ನನ್ನ ಮಿಕ್ಸರ್ ಎಷ್ಟು ತೂಗುತ್ತದೆ ಅಂತ ಅಲ್ಲಿಯವರೆಗೆ ನಾನು ನೋಡಿರಲೂ ಇಲ್ಲ. ಅಮರಗೋಳದ ಹತ್ತಿರ ವೇಬ್ರಿಡ್ಜ್ ಮೇಲೆ ನಿಲ್ಲಿಸಿದಾಗ 1,640 ಕೆಜಿ ಬಂತು. ಗಾಡಿ ಹುಡುಕುವ ಮೊದಲು ಈ ಒಂದು ಚೀಟಿ ಕೈಯಲ್ಲಿರಬೇಕು. ಇಲ್ಲದಿದ್ದರೆ ಸುಮ್ನೆ ಊಹೆಯ ಮೇಲೆ ಲಕ್ಷಗಟ್ಟಲೆ ಸುರಿದಂತೆ.

ಮೊದಲು ನಾನು ಎಲ್ಲ ಕಡೆ ಎಚ್‌ಪಿ (ಹಾರ್ಸ್‌ಪವರ್, ಎಂಜಿನ್ನಿನ ಶಕ್ತಿಯ ಅಳತೆ) ಎಷ್ಟು ಅಂತಲೇ ಕೇಳುತ್ತಿದ್ದೆ. ಹಳೆ ಹುಬ್ಬಳ್ಳಿಯಲ್ಲಿ ನಮ್ಮ ಗಾಡಿ ನೋಡುವ ಮಿಸ್ತ್ರಿ ಚಾಚಾ ಒಂದು ದಿನ ತಡೆದು ಹೇಳಿದರು: "ಎಚ್‌ಪಿ ಬಿಡ್ರಿ ಅಣ್ಣಾರ. ನಿಂತ ಗಾಡಿ ಏಳೂವಾಗ ಎಷ್ಟ ಎಳಿತೈತಿ, ಅದನ್ನ ನೋಡ್ರಿ."

ಅವರ ಮಾತಿನ ಅರ್ಥ ಹೀಗೆ. ಟಾರ್ಕ್ ಅಂದರೆ ಎಂಜಿನ್ನಿನ ತಿರುಚುವ ಬಲ. ಆ ಬಲವನ್ನು ಎಂಜಿನ್ ತಿರುಗುವ ವೇಗದೊಂದಿಗೆ ಗುಣಿಸಿದರೆ ಎಚ್‌ಪಿ ಬರುತ್ತದೆ. ಹಾಗಾಗಿ ಎಚ್‌ಪಿಯ ದೊಡ್ಡ ಅಂಕಿ ಸಿಗುವುದು ಎಂಜಿನ್ ಜೋರಾಗಿ ತಿರುಗುವಾಗ. ಮಿಕ್ಸರ್ ಕಟ್ಟಿಕೊಂಡು ನಿಂತಲ್ಲಿಂದ ಏಳುವಾಗ ನಾವು ಇರುವುದು ಸಾವಿರ, ಸಾವಿರದೈನೂರು ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಅಲ್ಲಿ ಎಳೆತ ಇಲ್ಲದಿದ್ದರೆ ಆಕ್ಸಿಲೇಟರ್ ತುಳಿದು, ಅರ್ಧ ಕ್ಲಚ್ಚಿನಲ್ಲಿ ಗಾಡಿ ಎಬ್ಬಿಸುತ್ತೇವೆ. ಪ್ಲೇಟ್ ಸುಡುವುದು ಅಲ್ಲೇ.

ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಗಾಡಿಯ ಮುಂದೆ ಟಾರ್ಕ್ ಬರೆದೆ. ಅದು ಎಷ್ಟು ಆರ್‌ಪಿಎಂನಿಂದ ಶುರುವಾಗುತ್ತದೆ ಅನ್ನುವುದನ್ನೂ ಬರೆದೆ.

ಬಿಎಸ್4 (ಗಾಡಿಯ ಹೊಗೆಗೆ ಸರ್ಕಾರ ಇಟ್ಟ ಮಿತಿ; ಆಮೇಲೆ ಬಂದದ್ದು ಬಿಎಸ್6) ಕಾಲದ ಬೊಲೆರೋ ಕ್ಯಾಂಪರ್‌ದು 2,523 ಸಿಸಿ ಎಂಜಿನ್, 63 ಎಚ್‌ಪಿ, 195 ನ್ಯೂಟನ್ ಮೀಟರ್ ಟಾರ್ಕ್. ಪೂರ್ತಿ ಎಳೆತ 1,400ರಿಂದ 2,200 ಆರ್‌ಪಿಎಂವರೆಗೆ. ನಮ್ಮ ಕಡೆ ಹಳ್ಳಿಯ ಮಿಸ್ತ್ರಿಗೂ ಈ ಎಂಜಿನ್ ಗೊತ್ತು. ಅದು ಸಣ್ಣ ಲಾಭವಲ್ಲ. ಇಸುಜು ಕಂಪನಿಯ ಎರಡು ಪಿಕಪ್ ನೋಡಿದಾಗ ಒಂದು ಪಾಠವೇ ಆಯಿತು. ಎರಡೂವರೆ ಲೀಟರಿನ ಡೀಸೆಲ್ ಎಂಜಿನ್ ಎಸ್-ಕ್ಯಾಬ್‌ನಲ್ಲಿ 78 ಎಚ್‌ಪಿ, 176 ನ್ಯೂಟನ್ ಮೀಟರ್ ಕೊಟ್ಟರೆ, ಅದೇ ಅಳತೆಯ ಎಂಜಿನ್ ಹಳೆಯ ವಿ-ಕ್ರಾಸ್‌ನಲ್ಲಿ 134 ಎಚ್‌ಪಿ, 320 ನ್ಯೂಟನ್ ಮೀಟರ್ ಕೊಡುತ್ತದೆ. ಲೀಟರ್ ನೋಡಿ ಎಳೆತ ಲೆಕ್ಕ ಹಾಕಬಾರದು ಅಂತ ಆಗ ಗೊತ್ತಾಯಿತು. ವಿ-ಕ್ರಾಸ್ ಹೈವೇಯಲ್ಲಿ ಬಹಳ ಚೆನ್ನ. ಆದರೆ ಅದರ ಪೂರ್ತಿ ಟಾರ್ಕ್ ಶುರುವಾಗುವುದು 1,800ಕ್ಕೆ. ಬೆಲೆಯೂ ನನ್ನ ಕೈಗೆ ಎಟುಕುವಂತಿರಲಿಲ್ಲ.

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಟಾಟಾ ಯೋಧ. 2017ರಲ್ಲಿ ಬಂದ ಬಿಎಸ್4 ಗಾಡಿಗೆ 2,956 ಸಿಸಿ ಎಂಜಿನ್, 85 ಎಚ್‌ಪಿ, 250 ನ್ಯೂಟನ್ ಮೀಟರ್. ಆಮೇಲಿನ ಬಿಎಸ್6 ಗಾಡಿಗೆ 2,179 ಸಿಸಿ ಎಂಜಿನ್, 100 ಎಚ್‌ಪಿ. ಟಾರ್ಕ್ ಮಾತ್ರ ಅಷ್ಟೇ, 250. ಅಂದರೆ ಹೊಸದು ಓಟದಲ್ಲಿ ಚುರುಕು. ಗರಿಷ್ಠ ಎಳೆತ ಎರಡರದೂ ಒಂದೇ.

ಇಲ್ಲಿ ನನ್ನ ದಿನದ ಓಡಾಟ ತೀರ್ಮಾನ ಮಾಡಿತು. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹಿಡಿದ ಮಸಿ ಸುಟ್ಟು ಹೋಗಬೇಕಾದರೆ ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ನಾನು ಓಡಿಸುವುದು ಸತ್ತೂರಿನಿಂದ ರಾಯಾಪುರ, ನವನಗರ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಸೈಟ್ ಬಂದಿರುತ್ತದೆ. ಹಾಗಾಗಿ ನನಗೆ ಬಿಎಸ್4 ಗಾಡಿಯೇ ಸರಿ. ನಮ್ಮ ಜೊತೆಯ ಒಬ್ಬ ಸೆಂಟ್ರಿಂಗ್ ಗುತ್ತಿಗೆದಾರರು ಹೀಗೇ ಓಡಿಸಿ, ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿದಾಗಲೆಲ್ಲ ಗಾಡಿಯನ್ನು ಹಾವೇರಿ ದಾರಿಯಲ್ಲಿ ಖಾಲಿ ಓಡಿಸಿಕೊಂಡು ಬರುತ್ತಾರೆ. ದಿನವೂ ಗದಗ, ಹಾವೇರಿ ಅಂತ ಹೈವೇ ಓಡಿಸುವವರಿಗೆ ಈ ತೊಂದರೆ ಕಡಿಮೆ. ಅವರು ಬಿಎಸ್6 ತಗೊಳ್ಳಲಿ ಅಂತಲೇ ನಾನು ಹೇಳುತ್ತೇನೆ. ಹೊಗೆಯೂ ಕಡಿಮೆ.

ಗಾಡಿ ಪರೀಕ್ಷೆಗೆ ಮಾರುವವರು ಹಿಂದೆ ಮಿಕ್ಸರ್ ಕಟ್ಟಲು ಬಿಡುವುದಿಲ್ಲ. ಹಾಗಾಗಿ ಅದರ ಬದಲು, ಒಪ್ಪಿದವರ ಗಾಡಿಗೆ 16 ಚೀಲ ಸಿಮೆಂಟು ಹಾಕಿಸಿದೆ. 800 ಕೆಜಿ. ನೃಪತುಂಗ ಬೆಟ್ಟದ ಏರಿನ ನಡುವೆ ನಿಲ್ಲಿಸಿ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ನಿಧಾನ ಬಿಡುವುದು. ಮೂರು ಲೀಟರಿನ ಬಿಎಸ್4 ಯೋಧ ಆಕ್ಸಿಲೇಟರ್ ಮುಟ್ಟದೆಯೇ ಹೊರಟಿತು. ನನಗೆ ಆಗಲೇ ಮನಸ್ಸಾಯಿತು.

ಆದರೂ ಮೊದಲು ನೋಡಿದ ಯೋಧ ಬಿಟ್ಟೆ. ನಾವು ಹೋಗುವಷ್ಟರಲ್ಲಿ ಮಾರುವವರು ಎಂಜಿನ್ ಬಿಸಿ ಮಾಡಿ ಇಟ್ಟಿದ್ದರು. ಮರುದಿನ ಬೆಳಿಗ್ಗೆ ಆರಕ್ಕೆ ಹೇಳದೇ ಹೋದೆವು. ತಣ್ಣಗಿನ ಎಂಜಿನ್ ಚಾಲು ಮಾಡಿದಾಗ ನೀಲಿ ಹೊಗೆ ಬಂತು. ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಚಾಚಾ ಆಯಿಲ್ ಮುಚ್ಚಳ ತೆಗೆದು ಕೈ ಹಿಡಿದರು. ಒಳಗಿನ ಗಾಳಿ ಬುಸುಬುಸು ಅಂತ ಹೊರಗೆ ಹೊಡೆಯುತ್ತಿತ್ತು. "ರಿಂಗ್ ಹೋಗ್ಯಾವ, ನಡೀರಿ" ಅಂದರು. ಅಂದರೆ ಪಿಸ್ಟನ್ನಿನ ರಿಂಗ್ ಸವೆದಿವೆ ಅಂತ. ಎರಡನೆಯ ಗಾಡಿಯಲ್ಲಿ ಎಂಜಿನ್ ಚೆನ್ನಾಗಿತ್ತು, ಆದರೆ ಹುಕ್ ಕೂಡಿಸಿದ ಜಾಗದಲ್ಲಿ ಚಾಸಿಗೆ ಹೊಸ ವೆಲ್ಡಿಂಗ್. ಅದೂ ಬೇಡವಾಯಿತು. ಭಾರ ಎಳೆದ ಗಾಡಿಯಲ್ಲಿ ಎಂಜಿನ್ನಿನಷ್ಟೇ ಆ ಜಾಗವನ್ನೂ ಟಾರ್ಚ್ ಹಿಡಿದು ನೋಡಬೇಕು.

ಮೂರನೆಯದು ಕೆಎ-27 ನಂಬರಿನ 2018ರ ಯೋಧ ಕ್ರೂ ಕ್ಯಾಬ್, ಅಂದರೆ ಹಿಂದೆಯೂ ಸೀಟು ಇರುವ ಪಿಕಪ್. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರದು. ನಾಲ್ಕೂಮುಕ್ಕಾಲು ಲಕ್ಷಕ್ಕೆ ಮಾತು ಮುಗಿಯಿತು. ಗಾಡಿ ಮೇಲೆ ಸಾಲ ಬಾಕಿ ಇಲ್ಲ ಅನ್ನುವ ಬ್ಯಾಂಕಿನ ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಲಿಲ್ಲ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಲೆಕ್ಕವನ್ನೂ ಮೊದಲೇ ಹಾಕಿದ್ದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು. ಅಲ್ಲಿಯವರೆಗೆ ಎರಡು ವರ್ಷಕ್ಕೊಮ್ಮೆ. ಆ ಖರ್ಚು ತೋರಿಸಿ ಹದಿನೈದು ಸಾವಿರ ಇಳಿಸಿಕೊಂಡೆ.

ಹದಿನಾಲ್ಕು ತಿಂಗಳಾಯಿತು. ಕ್ಲಚ್ ಪ್ಲೇಟ್ ಅದೇ ಇದೆ. ಖಾಲಿ ಓಡಿಸಿದರೆ ಲೀಟರಿಗೆ 12 ಕಿಮೀ, ಮಿಕ್ಸರ್ ಕಟ್ಟಿದರೆ 8. ಎಂಜಿನ್ ಸದ್ದು ಜಾಸ್ತಿ. ಮನೆಯವರು ಹಿಂದಿನ ಸೀಟಿನಲ್ಲಿ ಕೂತರೆ ಮಾತು ಕೇಳಿಸುವುದಿಲ್ಲ ಅನ್ನುತ್ತಾರೆ, ಅದು ನಿಜ. ಅಣ್ಣಿಗೇರಿಯ ಎರೆಮಣ್ಣಿನಲ್ಲಿ ಮಳೆ ಬಿದ್ದಾಗ ಖಾಲಿ ಗಾಡಿಯ ಹಿಂದಿನ ಚಕ್ರ ಜಾರುತ್ತದೆ. ಅಲ್ಲಿ ಯಾವ ಟಾರ್ಕೂ ಕೆಲಸಕ್ಕೆ ಬರುವುದಿಲ್ಲ. ಹಿಂದೆ ನಾಲ್ಕು ಚೀಲ ಮರಳು ಹಾಕಿಕೊಂಡು ಹೋಗುತ್ತೇನೆ.

ಮಿಕ್ಸರ್ ಎಳೆಯುವ ದಿನ ಸೆಂಟ್ರಿಂಗ್ ಪ್ಲೇಟ್ ಹೇರುವುದಿಲ್ಲ. ಅದಕ್ಕೆ ಬೇರೆ ಟ್ರಿಪ್. ಮಿಕ್ಸರಿಗೆ ಬ್ರೇಕ್ ಇಲ್ಲ ಅಲ್ವಾ? ನವಲೂರಿನ ಇಳಿಜಾರಿನಲ್ಲಿ ಮೊದಲೇ ಗೇರ್ ಇಳಿಸಿದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ. ಮಿಕ್ಸರಿನ ಹಿಂದೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿದ್ದೇನೆ. ಆದರೂ ಕತ್ತಲಾದ ಮೇಲೆ ಎಳೆಯುವುದಿಲ್ಲ. ಸ್ಲ್ಯಾಬ್ ಮುಗಿಯುವುದು ತಡವಾದರೆ ಅದು ಆ ರಾತ್ರಿ ಸೈಟಿನಲ್ಲೇ ಇರುತ್ತದೆ.