ಹಳೆಯ 6.6 ಕೆವಿ ಫ್ಯಾನ್ ಮೋಟಾರಿಗೆ ಯಾವ ಡ್ರೈವ್?

ಸಿಮೆಂಟ್ ಕಾರ್ಖಾನೆಯ ಐಡಿ ಫ್ಯಾನ್ (ಬಿಸಿ ಅನಿಲವನ್ನು ಎಳೆದು ಹೊರಹಾಕುವ ದೊಡ್ಡ ಫ್ಯಾನ್) ಒಂದನ್ನು ತೆಗೆದುಕೊಳ್ಳೋಣ: 1000 ಕಿಲೋವ್ಯಾಟ್, 6.6 ಕೆವಿ ಇಂಡಕ್ಷನ್ ಮೋಟಾರು, ಇಪ್ಪತ್ತು ವರ್ಷ ಹಳೆಯದು. ವೇಗವನ್ನು ಶೇ. 80ಕ್ಕೆ ಇಳಿಸಿದರೆ ಎಳೆಯುವ ಶಕ್ತಿ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹಾಗಾಗಿ ಡ್ರೈವ್, ಅಂದರೆ ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಸಾಧನ, ಬೇಕೇ ಬೇಕು. ಯಾವುದು ಎಂಬುದನ್ನು ಮಾತ್ರ ಕ್ಯಾಟಲಾಗಿನ ಎಫಿಶಿಯೆನ್ಸಿ ನೋಡಿ ಅಲ್ಲ, ಮೋಟಾರಿನ ಇನ್ಸುಲೇಷನ್ ನೋಡಿ ನಿರ್ಧರಿಸಿ.

ಮೂರು ಲೆವೆಲ್ಲಿನ ಎನ್‌ಪಿಸಿ (ನ್ಯೂಟ್ರಲ್ ಪಾಯಿಂಟ್ ಕ್ಲ್ಯಾಂಪ್ಡ್: ಔಟ್‌ಪುಟ್ ವೋಲ್ಟೇಜನ್ನು ಕೆಲವೇ ದೊಡ್ಡ ಮೆಟ್ಟಿಲುಗಳಲ್ಲಿ ಕಟ್ಟುವ) ಡ್ರೈವಿನಲ್ಲಿ ಬಿಡಿಭಾಗ ಕಡಿಮೆ, ಜಾಗವೂ ಕಡಿಮೆ. ಆದರೆ 3.3 ಕೆವಿಯಲ್ಲೇ ವೋಲ್ಟೇಜಿನ ಒಂದೊಂದು ಮೆಟ್ಟಿಲು ಸುಮಾರು 2300 ವೋಲ್ಟ್. ಆ ಹೊಡೆತ ಬೀಳುವುದು ವೈಂಡಿಂಗಿನ ಮೊದಲ ಸುತ್ತುಗಳ ಮೇಲೆ. ಹಳೆಯ ಮೋಟಾರಿಗೆ ಸೈನ್ ಫಿಲ್ಟರ್ (ಮೆಟ್ಟಿಲುಗಳನ್ನು ನಯವಾದ ಅಲೆಯಾಗಿಸುವ ಫಿಲ್ಟರ್) ಇಲ್ಲದೆ ಇದನ್ನು ಜೋಡಿಸಬೇಡಿ.

ಕ್ಯಾಸ್ಕೇಡೆಡ್ ಎಚ್-ಬ್ರಿಡ್ಜ್ ಡ್ರೈವಿನಲ್ಲಿ ಕಡಿಮೆ ವೋಲ್ಟೇಜಿನ ಸಣ್ಣ ಘಟಕಗಳನ್ನು (ಸೆಲ್) ಸರಣಿಯಲ್ಲಿ ಜೋಡಿಸಿರುತ್ತಾರೆ; ಅವುಗಳಿಗೆ ವಿದ್ಯುತ್ ಕೊಡುವುದು ಇನ್‌ಪುಟ್ ಟ್ರಾನ್ಸ್‌ಫಾರ್ಮರ್. 6.6 ಕೆವಿಗೆ ಸಾಮಾನ್ಯವಾಗಿ ಫೇಸಿಗೆ 6 ಸೆಲ್, ಒಟ್ಟು 18. ಮೆಟ್ಟಿಲು 900 ವೋಲ್ಟ್ ಆಸುಪಾಸು; ಇನ್‌ಪುಟ್ 36 ಪಲ್ಸ್ (ಎಸಿಯನ್ನು ಡಿಸಿ ಮಾಡುವಾಗ ಒಂದು ಸೈಕಲ್ಲಿಗೆ 36 ಬಡಿತ) ಆದ್ದರಿಂದ ಹಾರ್ಮೋನಿಕ್, ಅಂದರೆ ಲೈನಿನ ಅಲೆ ಕೆಡುವ, ತಲೆನೋವೂ ಕಡಿಮೆ. ಈ ಫ್ಯಾನಿಗೆ ನಮ್ಮ ಆಯ್ಕೆ ಇದೇ. ಸೆಲ್ ಬೈಪಾಸ್ (ಕೆಟ್ಟ ಸೆಲ್ಲನ್ನು ಬಿಟ್ಟು ಉಳಿದವುಗಳಿಂದ ಓಡಿಸುವ ವ್ಯವಸ್ಥೆ) ಇರುವ ಮಾದರಿಯನ್ನೇ ಕೇಳಿ. ಒಂದು ಸ್ಪೇರ್ ಸೆಲ್ ಇಟ್ಟುಕೊಳ್ಳಿ. ಅದರಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇದ್ದರೆ ವರ್ಷಕ್ಕೊಮ್ಮೆ ವೇರಿಯಾಕ್‌ನಿಂದ (ವೋಲ್ಟೇಜ್ ಹೊಂದಿಸಬಹುದಾದ ಟ್ರಾನ್ಸ್‌ಫಾರ್ಮರ್) ನಿಧಾನವಾಗಿ ವೋಲ್ಟೇಜ್ ಏರಿಸಿ ರಿಫಾರ್ಮ್ ಮಾಡಬೇಕು, ಅಂದರೆ ಒಳಗಿನ ಆಕ್ಸೈಡ್ ಪದರವನ್ನು ಮತ್ತೆ ಸರಿಪಡಿಸಬೇಕು.

ಇಳಿಜಾರಿನ ಕನ್ವೇಯರಿನಂತೆ ಶಕ್ತಿ ಲೈನಿಗೆ ವಾಪಸ್ ಬರಬೇಕಾದ ಕಡೆ ಆಕ್ಟಿವ್ ಫ್ರಂಟ್ ಎಂಡ್ (ಶಕ್ತಿಯನ್ನು ಎರಡೂ ದಿಕ್ಕಿಗೆ ಹರಿಸಬಲ್ಲ ಇನ್‌ಪುಟ್ ಭಾಗ) ಇರುವ ಕರೆಂಟ್ ಸೋರ್ಸ್ ಡ್ರೈವ್ ಸಲೀಸು. ಹತ್ತಾರು ಮೆಗಾವ್ಯಾಟ್ ಸಿಂಕ್ರೊನಸ್ ಮೋಟಾರಿಗೆ ಎಲ್‌ಸಿಐ (ಲೋಡ್ ಕಮ್ಯುಟೇಟೆಡ್ ಇನ್ವರ್ಟರ್, ಥೈರಿಸ್ಟರ್ ಬಳಸುವ ಡ್ರೈವ್). ಇಲ್ಲಿ ಎರಡೂ ಬೇಡ.

ಹೆಚ್ಚಿನವರು ಎಡವುವುದು ಡ್ರೈವ್ ಕೋಣೆಯಲ್ಲಿ. ಟ್ರಾನ್ಸ್‌ಫಾರ್ಮರ್ ಸೇರಿ ನಷ್ಟ ಶೇ. 3.5 ಎಂದು ಹಿಡಿದರೂ 35 ಕಿಲೋವ್ಯಾಟ್ ಶಾಖ. ಅದನ್ನು ಹೊರಹಾಕಲು 10 ಟನ್ ಎಸಿ ಬೇಕು, ಸ್ಟ್ಯಾಂಡ್‌ಬೈ ಬೇರೆ. ಹೊರಗಿನ ಗಾಳಿ ಒಳಗೆಳೆದರೆ ಸಿಮೆಂಟ್ ಧೂಳು ಫಿಲ್ಟರ್ ಕಟ್ಟುತ್ತದೆ, ಟ್ರಾನ್ಸ್‌ಫಾರ್ಮರ್ ಟೆಂಪರೇಚರ್ ಟ್ರಿಪ್ ಶುರುವಾಗುತ್ತದೆ. ಕೋಣೆ ಮುಚ್ಚಿಯೇ ಇರಲಿ.

ಕಮಿಷನಿಂಗ್ ಹೊತ್ತಿಗೆ ಎರಡು ಎಚ್ಚರಿಕೆ. ಮೆಗ್ಗರ್ (ಹೆಚ್ಚಿನ ವೋಲ್ಟೇಜಿನಲ್ಲಿ ಇನ್ಸುಲೇಷನ್ ಅಳೆಯುವ ಮೀಟರ್) ಹಾಕುವ ಮುನ್ನ ಮೋಟಾರ್ ಕೇಬಲ್ಲನ್ನು ಡ್ರೈವಿನಿಂದ ಬಿಚ್ಚಿ, ಇಲ್ಲವಾದರೆ ಸೆಲ್ಲಿನ ಐಜಿಬಿಟಿಗಳೇ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರುಗಳು) ಹೋಗಬಹುದು. ಇನ್ನೊಂದು ಡಿಸೆಲರೇಷನ್ ಸಮಯ: ನಾವು ಆರಿಸಿದಂಥ ಡಯೋಡ್ ಇನ್‌ಪುಟ್ಟಿನ ಡ್ರೈವಿಗೆ ಶಕ್ತಿ ಹಿಂದಿರುಗಿಸಲು ಬರುವುದಿಲ್ಲ, ಭಾರದ ಫ್ಯಾನನ್ನು ಅವಸರದಲ್ಲಿ ನಿಲ್ಲಿಸಹೋದರೆ ಡಿಸಿ ಓವರ್‌ವೋಲ್ಟೇಜಿಗೆ ಟ್ರಿಪ್ ಆಗುತ್ತದೆ. ತಾನಾಗಿ ತಿರುಗಿ ನಿಲ್ಲಲು ಬಿಡಿ, ಫ್ಲೈಯಿಂಗ್ ಸ್ಟಾರ್ಟ್ ಆನ್ ಮಾಡಿಡಿ. ತಿರುಗುತ್ತಿರುವ ಫ್ಯಾನನ್ನೇ ಡ್ರೈವ್ ಹಿಡಿದುಕೊಳ್ಳುತ್ತದೆ.