ಹದಿನಾಲ್ಕು ಇಂಚಿಗೆ ಅರ್ಧ ಇಂಚು ಕಡಿಮೆ

ನಾನು ಬೆಳೆದಿದ್ದು ಮಲೆನಾಡಲ್ಲಿ. ಮುಂಗಾರಿನ ಮೊದಲ ಮಳೆಗೆ ಹಳ್ಳ ತುಂಬಿ, ಮೊಟ್ಟೆ ಇಡಲು ಮೀನು ಗದ್ದೆಗೆ ಹತ್ತಿ ಬಂತು ಅಂದರೆ ಊರೇ ಟಾರ್ಚು, ಕತ್ತಿ, ಕೂಳಿ ಹಿಡಿದು ಹೊರಡುತ್ತಿತ್ತು. ಎಷ್ಟು ಹಿಡಿಯಬೇಕು ಅಂತ ಯಾರೂ ಲೆಕ್ಕ ಇಡುತ್ತಿರಲಿಲ್ಲ.

ಕೆಲಸಕ್ಕೆಂದು ಟೆಕ್ಸಾಸ್‌ಗೆ ಬಂದು ಆಸ್ಟಿನ್‌ನಲ್ಲಿ ನೆಲೆಸಿದ ಮೇಲೆ ಮತ್ತೆ ಗಾಳ ಹಾಕುವ ಆಸೆಯಾಯಿತು. ಇಲ್ಲಿ 17 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು. ರಾಜ್ಯದಲ್ಲಿ ಬಿಡದೆ ಆರು ತಿಂಗಳಿಗಿಂತ ಜಾಸ್ತಿ ವಾಸವಿದ್ದರೆ ಸ್ಥಳೀಯರ ದರ. ಸಿಹಿನೀರಿನ ಲೈಸೆನ್ಸಿಗೆ ನಾನು 30 ಡಾಲರ್ ಕೊಟ್ಟೆ. ಕೊಂಡಿದ್ದು ಜುಲೈಯಲ್ಲಿ. ಯಾವಾಗ ಕೊಂಡರೂ ಅದು ಆಗಸ್ಟ್ 31ಕ್ಕೆ ಮುಗಿಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಹೊಸ ವರ್ಷದ್ದು ಆಗಸ್ಟ್ 15ರಿಂದಲೇ ಸಿಗುತ್ತದೆ, ಸ್ವಲ್ಪ ಕಾಯಬಹುದಿತ್ತು. ಸುಮ್ನೆ ಒಂದು ದಿನ ನೋಡೋಣ ಅನ್ನುವವರು ಮೊದಲು ಸ್ಟೇಟ್ ಪಾರ್ಕ್‌ಗೆ ಹೋಗಿ. ಅಲ್ಲಿ ದಡದಲ್ಲಿ ಕೂತು ಗಾಳ ಹಾಕಲು ಲೈಸೆನ್ಸೇ ಬೇಡ.

ನನ್ನ ಮೊದಲ ದೊಡ್ಡ ಮೀನು ಒಂದು ಲಾರ್ಜ್‌ಮೌತ್ ಬಾಸ್. ಬುಟ್ಟಿಗೆ ಹಾಕುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ಅಳತೆ ಮಾಡಿದೆಯಾ?" ಅಂತ ಕೇಳಿದರು. ಅಳೆಯುವ ರೀತಿಯನ್ನೂ ಅವರೇ ತೋರಿಸಿದರು. ಮೀನನ್ನು ಮಗ್ಗುಲಾಗಿ ಮಲಗಿಸಬೇಕು, ಬಾಯಿ ಮುಚ್ಚಿಸಬೇಕು, ಬಾಲದ ಎರಡು ಕವಲನ್ನೂ ಒತ್ತಿ ಸೇರಿಸಬೇಕು. ಹದಿಮೂರೂವರೆ ಇಂಚು ಬಂತು. ಈ ಮೀನಿಗೆ ಇಲ್ಲಿ ಕನಿಷ್ಠ 14 ಇಂಚು ಇರಬೇಕು, ದಿನಕ್ಕೆ ಐದೇ. ನೀರಿಗೆ ಬಿಟ್ಟೆ. ಬೇಜಾರಾಯಿತು ನಿಜ. ಆದರೆ ಅದು ಬಾಲ ಬಡಿದು ಹೋದಾಗ ನಮ್ಮೂರಿನ ಗದ್ದೆಗೆ ಹತ್ತಿ ಬರುತ್ತಿದ್ದ ಮೀನು ನೆನಪಾಯಿತು. ಮೊಟ್ಟೆ ತುಂಬಿದ ಹೊಟ್ಟೆಯನ್ನೇ ಸೀಳಿ ಸಾರು ಮಾಡಿದ್ದೆವಲ್ಲ ನಾವು. ಒಂದು ಸಲವಾದರೂ ಮರಿ ಮಾಡಲಿ ಅನ್ನುವುದೇ ಈ ಇಂಚಿನ ಲೆಕ್ಕದ ಹಿಂದಿನ ಮಾತು.

ರಾಜ್ಯಕ್ಕೊಂದು ನಿಯಮ ಓದಿಕೊಂಡರೆ ಸಾಕು ಅಂತ ತಿಳಿಯಬೇಡಿ, ಕೆಲವು ಕೆರೆಗಳದ್ದೇ ಬೇರೆ ನಿಯಮ. ಲೇಕ್ ಫೋರ್ಕ್‌ನಲ್ಲಿ 16 ಮತ್ತು 24 ಇಂಚಿನ ನಡುವಿನ ಲಾರ್ಜ್‌ಮೌತ್ ಬಾಸ್ ಇಟ್ಟುಕೊಳ್ಳುವಂತಿಲ್ಲ. ಅಂದರೆ ಅಲ್ಲಿ ಸಣ್ಣದನ್ನು ಒಯ್ಯಬಹುದು, ಮಧ್ಯಮದ್ದನ್ನು ಬಿಡಬೇಕು! ಬ್ಲೂ ಮತ್ತು ಚಾನಲ್ ಕ್ಯಾಟ್‌ಫಿಶ್ ಎರಡೂ ಸೇರಿ ದಿನಕ್ಕೆ 25, ಅದರಲ್ಲಿ 20 ಇಂಚು ಮತ್ತು ಮೇಲ್ಪಟ್ಟವು ಹತ್ತೇ. ಊರೊಳಗಿನ ಸಣ್ಣ ಕೆರೆಗಳಲ್ಲಾದರೆ ಐದು, ಗಾಳವೂ ಎರಡೇ. ಒಮ್ಮೆ ಅಂಥ ಕೆರೆಯಲ್ಲಿ ಐದು ಹಿಡಿದು ಆರನೆಯದಕ್ಕೆ ಹುಳು ಸಿಕ್ಕಿಸುತ್ತಿದ್ದೆ. ಆಗ ದಡದ ಬೋರ್ಡ್ ಕಣ್ಣಿಗೆ ಬಿತ್ತು. ಅವತ್ತಿನಿಂದ ಕೆರೆಯ ಹೆಸರು ಹುಡುಕಿ ಓದದೆ ಮನೆ ಬಿಡುವುದಿಲ್ಲ. ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ 'ಔಟ್‌ಡೋರ್ ಆನ್ಯುಯಲ್' ಮೊಬೈಲಲ್ಲೇ ಸಿಗುತ್ತದೆ, ಕೆರೆವಾರು ನಿಯಮ ಅದರಲ್ಲಿದೆ.

ನಮ್ಮ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಇಲ್ಲೂ ಸಿಗುತ್ತದೆ. ಅದಕ್ಕೆ ನಿಯಮ ಪೂರ್ತಿ ಉಲ್ಟಾ. ಹೊರಗಿನಿಂದ ಬಂದು ಇಲ್ಲಿನ ಮೀನಿನ ಜಾಗ ತಿನ್ನುತ್ತದೆ ಅಂತ ಅದನ್ನು ಜೀವಂತ ಇಟ್ಟುಕೊಳ್ಳಲು ಬಿಡುವುದಿಲ್ಲ. ಮನೆಗೆ ಒಯ್ಯುವುದಾದರೆ ಹಿಡಿದ ಕೂಡಲೇ ಕರುಳು ತೆಗೆಯಬೇಕು, ಇಲ್ಲವೇ ತಲೆ ಕತ್ತರಿಸಬೇಕು. ಹಾಗಾಗಿ ಈಗ ನನ್ನ ಚೀಲದಲ್ಲಿ ಅಳತೆಪಟ್ಟಿಯ ಜೊತೆ ಒಂದು ಚಾಕುವೂ ಇರುತ್ತದೆ.