ಮೊದಲ ಬೊಟಾಕ್ಸ್‌ಗೆ ಹೋಗುವ ಮುಂಚೆ

ನನ್ನ ಹುಬ್ಬುಗಳ ನಡುವೆ ಎರಡು ಗೆರೆ. ಸುಮ್ನೆ ಕೂತಿದ್ದರೂ 'ಯಾಕೆ ಸಿಟ್ಟು?' ಅಂತ ಕೇಳುತ್ತಿದ್ದರು. ಅಕ್ಕನ ಮಗಳ ಮದುವೆ ನೆಪದಲ್ಲಿ ಬೊಟಾಕ್ಸ್, ಅಂದರೆ ಸ್ನಾಯು ಸಡಿಲಿಸಿ ಗೆರೆ ಕಡಿಮೆ ಮಾಡುವ ಇಂಜೆಕ್ಷನ್, ಮಾಡಿಸಿಕೊಂಡೆ. ನೀವೂ ಹೋಗುವುದಾದರೆ ಮೊದಲು ತಾರೀಖು ಲೆಕ್ಕ ಹಾಕಿ. ಪೂರ್ತಿ ಪರಿಣಾಮ ಕಾಣಲು ಸುಮಾರು 2 ವಾರ ಬೇಕು, ಚುಚ್ಚಿದ ಜಾಗ ನೀಲಿಗಟ್ಟಿ ಕಂದಲೂಬಹುದು. ನಾನು ಒಂದು ತಿಂಗಳು ಮುಂಚೆಯೇ ಹೋಗಿದ್ದೆ.

ಚರ್ಮದ ಡಾಕ್ಟರ ಹತ್ತಿರವೇ ಹೋಗಿ, ಪಾರ್ಲರ್ ಬೇಡವೇ ಬೇಡ. ನುಂಗುವ ಮಾತ್ರೆಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳಿ. ಮೀನೆಣ್ಣೆ, ವಿಟಮಿನ್ ಇ ಕೂಡ ಸೇರಿಸಿ, ಇವುಗಳಿಂದ ಕಂದುವುದು ಜಾಸ್ತಿ ಆಗಬಹುದು. ಆದರೆ ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳಿ. ಬಸುರಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ, ನರ ಅಥವಾ ಸ್ನಾಯುವಿನ ಕಾಯಿಲೆಯಿದ್ದರೆ ಮೊದಲೇ ಹೇಳಿ.

ಯಾವ ಬ್ರ್ಯಾಂಡ್, ಎಷ್ಟು ಯೂನಿಟ್ (ಔಷಧಿಯ ಅಳತೆ) ಅಂತ ಕೇಳಿ. ಹುಬ್ಬಿನ ನಡುವಿಗೆ ಬೊಟಾಕ್ಸ್ ಬ್ರ್ಯಾಂಡೇ ಆದರೆ ಸಾಮಾನ್ಯವಾಗಿ 20 ಯೂನಿಟ್. ಬೇರೆ ಬ್ರ್ಯಾಂಡಿನ ಯೂನಿಟ್ ಲೆಕ್ಕವೇ ಬೇರೆ. ಪರಿಣಾಮ 3–4 ತಿಂಗಳಲ್ಲಿ ಇಳಿದುಹೋಗುತ್ತದೆ, ದುಡ್ಡಿನ ಲೆಕ್ಕದಲ್ಲಿ ಅದೂ ಇರಲಿ.

ಮೇಕಪ್ ಇಲ್ಲದೆ ಹೋಗಿ. ನಾನು ಬಿಂದಿ ಇಟ್ಟುಕೊಂಡೇ ಹೋಗಿದ್ದೆ, ನರ್ಸ್ ನಗುತ್ತ ತೆಗೆಸಿದರು. ಆಮೇಲೆ 4 ಗಂಟೆ ಮಲಗಬೇಡಿ, ಆ ಜಾಗ ಉಜ್ಜಬೇಡಿ ಅಂದರು. ಹೋಗಿದ್ದು 12ಕ್ಕೆ, ಮಧ್ಯಾಹ್ನದ ನಿದ್ದೆಗೆ ಕಲ್ಲು ಬಿತ್ತು. ಸೂಜಿಗಿಂತ ಅದೇ ಕಷ್ಟವಾಯಿತು.